‘ಇದರ ಮುಂದೆ ಕೂರೋರು ಯಾರು?’ ಎಂದು ಕೇಳುವ ಎವಾರಿಸ್ತಾ

ಗುರುವಾರ ಬೆಳಗಿನ ಐದು ಗಂಟೆ. ಎಲ್ ಆಲ್ತೋದ ಸಂತೆಬೀದಿಯಲ್ಲಿ ತಾಡಪಾಲುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ. ಬೀದಿಯಂಚಿನ ಚರಂಡಿಯಲ್ಲಿ ಕಟ್ಟಿದ ಮಂಜುಗಡ್ಡೆ ಇನ್ನೂ ಕರಗಿಲ್ಲ. ಹಳೆ ಟೈರುಗಳ ಸಾಲು ಮುಗಿದು ಹಳೆ ಕಂಪ್ಯೂಟರುಗಳ ಸಾಲು ಶುರುವಾಗುವ ಮೂಲೆಯಲ್ಲಿ ಒಬ್ಬ ಹೆಂಗಸು ಮೋಟು ಮಣೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದಾರೆ. ಎದುರಿಗೆ ಏಳು ಲ್ಯಾಪ್‌ಟಾಪುಗಳು. ಯಾವುದಕ್ಕೂ ಹತ್ತು ವರ್ಷಕ್ಕಿಂತ ಕಡಿಮೆ ವಯಸ್ಸಿಲ್ಲ. ಒಂದಕ್ಕೆ ಮುಚ್ಚಳದ ಕೀಲು ಕಿತ್ತುಹೋಗಿ ಟೇಪು ಸುತ್ತಿದೆ, ಇನ್ನೊಂದಕ್ಕೆ ‘ಎಂ’ ಅಕ್ಷರದ ಗುಂಡಿಯೇ ಇಲ್ಲ.

“ಮೂವತ್ತೆಂಟು ಸೆಕೆಂಡು,” ಎಂದು ತಮಗೆ ತಾವೇ ಹೇಳಿಕೊಂಡು ಶಾಲೆಮಕ್ಕಳ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಪಕ್ಕದ್ದರ ಗುಂಡಿ ಒತ್ತುತ್ತಾರೆ. “ಐವತ್ತೊಂದು. ಇವನು ಸೋಮಾರಿ.” ಮೂರನೆಯದು ಒಂದು ನಿಮಿಷ ದಾಟಿದರೂ ಏಳದಿದ್ದಾಗ ತಲೆ ಎತ್ತಿ ನನ್ನನ್ನು ನೋಡುತ್ತಾರೆ. “ನೀವು ಆಪಿ ಕುಡೀರಿ. ಇವನು ಕಣ್ಣು ಬಿಡೋ ಹೊತ್ತಿಗೆ ಆರಿ ನೀರಾಗಿರತ್ತೆ.” ನಾನು ಕುಡಿಯುತ್ತೇನೆ. ನೇರಳೆ ಜೋಳದ ಆ ಬಿಸಿ ಗಂಜಿ ಇಲ್ಲದಿದ್ದರೆ ಈ ಬೀದಿಯಲ್ಲಿ ಬೆಳಗಿನ ಐದು ಗಂಟೆಗೆ ನನ್ನಂಥವರು ನಿಲ್ಲುವುದು ಕಷ್ಟ.

ಇವರು ಎವಾರಿಸ್ತಾ ಲಿಮಾಚಿ. ವಯಸ್ಸು ಐವತ್ತಮೂರು. ಸಂತೆಯಲ್ಲಿ ಎಲ್ಲರಿಗೂ ದೋನ್ಯಾ ಎವಾ, ‘ಎವಾ ಅಮ್ಮ’ ಎಂದಂತೆ. ಪದರ ಪದರದ ಲಂಗ, ಹೆಗಲಿಗೆ ಶಾಲು, ತಲೆಗೆ ಗುಂಡು ಹ್ಯಾಟು, ಬಲಗಿವಿಯ ಹಿಂದೆ ಕಪ್ಪು ಮಾರ್ಕರ್ ಪೆನ್ನು. ಗುರುವಾರ ಮತ್ತು ಭಾನುವಾರ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮಾರುತ್ತಾರೆ ಎಂಬುದು ಬೀದಿಗೆಲ್ಲ ಗೊತ್ತು. ಬೀದಿಗೆ ಗೊತ್ತಿಲ್ಲದ ಕೆಲಸ ಇನ್ನೊಂದಿದೆ. ವಿಸ್ಕಾಚಾ ಎಂಬ ಲಿನಕ್ಸನ್ನು ಹಾಕಿಕೊಂಡವರಿಗೆ ಪರದೆಯ ಮೇಲೆ ಏನು ಕಾಣಬೇಕು, ಆರಿಸಿಕೊಳ್ಳುವಾಗ ಅದರ ಕೆಳಗೆ ಯಾವ ಮಾತು ಬರೆದಿರಬೇಕು ಎಂಬುದನ್ನು ಹನ್ನೊಂದು ವರ್ಷಗಳಿಂದ ತೀರ್ಮಾನಿಸುತ್ತಿರುವವರು ಇವರೇ. ಇದಕ್ಕೆ ಸಂಬಳವಿಲ್ಲ, ಸನ್ಮಾನವೂ ಆಗಿಲ್ಲ. ಈ ಪುರವಣಿಯಲ್ಲಿ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ “ಟೈರ್ ಅಂಗಡಿ ಲುಕಾಸಿಯೋ ಬಗ್ಗೆ ಬರೀರಿ, ಅವನಿಗೆ ಫೋಟೋ ಅಂದ್ರೆ ಇಷ್ಟ” ಎಂದು ನನ್ನನ್ನು ಎರಡು ವಾರ ಸಾಗಹಾಕಿದ್ದರು.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ; ವಿಸ್ಕಾಚಾ ಅದರ ನಮ್ಮ ಊರಿನ ರೂಪ. ತಾಂತ್ರಿಕ ಶಾಲೆಯ ಮೇಷ್ಟ್ರು ಫೌಸ್ತೀನೋ ಅಪಾಸಾ ಮತ್ತು ನಾಲ್ವರು ಗೆಳೆಯರು ಸೇರಿ ಕಟ್ಟಿದ್ದು. ತಿಂಗಳಿಗೆ ಆರು ಸಾವಿರ ಜನ ಇದನ್ನು ಇಳಿಸಿಕೊಳ್ಳುತ್ತಾರೆ. ಹಳ್ಳಿಶಾಲೆಗಳು, ಸಣ್ಣ ರೇಡಿಯೋ ಕೇಂದ್ರಗಳು, ದರ್ಜಿ ಅಂಗಡಿಗಳವರೇ ಹೆಚ್ಚು. ಲಿನಕ್ಸಿನ ವಿಚಿತ್ರವೆಂದರೆ ಅದಕ್ಕೆ ಒಂದೇ ಮುಖವಿಲ್ಲ. ಒಳಗಿನ ಯಂತ್ರ ಒಂದೇ ಆದರೂ ಕಣ್ಣಿಗೆ ಕಾಣುವ ಪಟ್ಟಿ, ಗುಂಡಿ, ಕಡತದ ಚಿತ್ರಗಳು, ಕಿಟಕಿ ತೆರೆಯುವ ರೀತಿ ಇವನ್ನೆಲ್ಲ ಬೇರೆ ಬೇರೆಯವರು ಬೇರೆ ಬೇರೆಯಾಗಿ ಮಾಡಿಟ್ಟಿದ್ದಾರೆ. ಓದಿದವರು ಇವನ್ನು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಸಂತೆಯಲ್ಲಿ ‘ಮುಖ’ ಎಂದರೆ ಸಾಕು. ಕೆಲವು ಮುಖಕ್ಕೆ ಥಳಕು ಜಾಸ್ತಿ, ಹೊಸ ಯಂತ್ರವೇ ಬೇಕು. ಕೆಲವು ಎರಡು ಜಿಬಿ ಮೆಮೊರಿಯಲ್ಲೂ ತಕರಾರಿಲ್ಲದೆ ಓಡುತ್ತವೆ.

ದೋನ್ಯಾ ಎವಾ ಇದುವರೆಗೆ ಹತ್ತೊಂಬತ್ತು ಮುಖಗಳನ್ನು ಪರೀಕ್ಷಿಸಿದ್ದಾರೆ. ಉಳಿಸಿಕೊಂಡಿದ್ದು ಮೂರು. ಹೊಸ ಆವೃತ್ತಿ ಬಂದಾಗಲೆಲ್ಲ ಈ ಮೂರನ್ನೂ ಏಳು ಹಳೆ ಯಂತ್ರಗಳ ಮೇಲೆ ಐದೈದು ಸಲ ಎಬ್ಬಿಸಿ ಸೆಕೆಂಡು ಬರೆದುಕೊಳ್ಳುತ್ತಾರೆ. ಮನೆಯೊಳಗೆ ಯಾಕೆ ಮಾಡಬಾರದು ಎಂದು ಕೇಳಿದೆ. “ಮನೇಲಿ ಬೆಚ್ಚಗಿರತ್ತೆ. ಇದನ್ನ ತಗೊಂಡು ಹೋಗೋರ ಶಾಲೇಲಿ ಬೆಚ್ಚಗಿರತ್ತಾ? ಚಳೀಲಿ ಡಿಸ್ಕು ಹೇಗೆ ಮೊಂಡು ಹಿಡಿಯತ್ತೆ ಅಂತ ಇಲ್ಲೇ ನೋಡ್ಬೇಕು,” ಎನ್ನುತ್ತಾರೆ. ಆ ನೋಟ್‌ಪುಸ್ತಕಗಳು ಈಗ ಇಪ್ಪತ್ತಾರು ಆಗಿವೆ.

ಇದೇ ಬೀದಿಯಲ್ಲಿ, ಇನ್ನೂ ನಾಲ್ಕು ಸಾಲು ಕೆಳಗೆ, ಇವರ ತಾಯಿ ಆಲೂಗಡ್ಡೆ ಮಾರುತ್ತಿದ್ದರು. ಒಂಬತ್ತನೆಯ ವಯಸ್ಸಿನಿಂದ ಮಗಳೂ ಪಕ್ಕದಲ್ಲಿ ಕೂತಿದ್ದಳು. ಹನ್ನೆರಡು ಬಗೆಯ ಆಲೂಗಡ್ಡೆ ರಾಶಿ ಹಾಕಿಕೊಂಡ ತಾಯಿ ಯಾರಿಗೂ ‘ಇದು ಒಳ್ಳೇದು, ಅದು ಕಡಿಮೆಯದು’ ಎಂದು ಹೇಳುತ್ತಿರಲಿಲ್ಲವಂತೆ. “ಏನ್ ಮಾಡ್ತೀರಿ ಅಂತ ಕೇಳೋಳು. ಸೂಪಿಗಾ, ಕರಿಯೋಕಾ, ಒಣಗಿಸಿ ಇಡೋಕಾ? ಉತ್ತರ ಬಂದ್ಮೇಲೇ ಕೈ ರಾಶಿ ಕಡೆ ಹೋಗ್ತಿತ್ತು. ನನಗೆ ಆ ಅಭ್ಯಾಸ ಬಿಡಲಿಲ್ಲ ನೋಡಿ.” ತಾಯಿ ತೀರಿಕೊಂಡ ಮೇಲೆ ಆಲೂಗಡ್ಡೆ ಮೂಟೆ ಎತ್ತಲು ಇವರ ಮಂಡಿ ಒಪ್ಪಲಿಲ್ಲ. ಲ್ಯಾಪ್‌ಟಾಪ್ ಹಗುರ ಎಂಬ ಒಂದೇ ಕಾರಣಕ್ಕೆ ಈ ಸಾಲಿಗೆ ಬಂದರು. ಮಾರುವ ಮಾಲನ್ನು ತಿಳಿದುಕೊಳ್ಳಬೇಕೆಂದು ನಲವತ್ತರ ವಯಸ್ಸಿನಲ್ಲಿ ಫೌಸ್ತೀನೋ ಮೇಷ್ಟ್ರ ತರಗತಿಗೆ ಸೇರಿದರು. ಎರಡು ಸಲ ಫೇಲಾದರು, ಮೂರನೆಯ ಸಲ ಪಾಸಾದರು.

ಮೇಷ್ಟ್ರಿಗೆ ಆಗ ಒಂದು ತಲೆನೋವಿತ್ತು. ವಿಸ್ಕಾಚಾದ ಮೊದಲ ಆವೃತ್ತಿಯಲ್ಲಿ ಮೂರು ಮುಖಗಳಿಗೆ ‘ಪೂರ್ಣ’, ‘ಸಾಧಾರಣ’, ‘ಹಗುರ’ ಎಂದು ಹೆಸರಿಟ್ಟಿದ್ದರು. ಹಳೆ ಯಂತ್ರದವರು ಹಗುರದ್ದನ್ನು ಆರಿಸಿಕೊಳ್ಳಲಿ ಎಂಬ ಸದುದ್ದೇಶ. ನೋಡಿದರೆ ನೂರಕ್ಕೆ ತೊಂಬತ್ತು ಜನ ‘ಪೂರ್ಣ’ವನ್ನೇ ಎತ್ತಿಕೊಂಡು, ಯಂತ್ರ ಉಸಿರುಗಟ್ಟಿ ನಿಂತಾಗ ಲಿನಕ್ಸನ್ನು ಬೈಯುತ್ತಿದ್ದರು. ನಾನೂ ಅವರಲ್ಲಿ ಒಬ್ಬ. ನನ್ನ ಲ್ಯಾಪ್‌ಟಾಪಿನ ತಳದ ಮೇಲೆ ಬ್ರೆಡ್ಡು ಬಿಸಿ ಮಾಡಬಹುದಿತ್ತು.

“ಅವರೆಲ್ಲ ದೊಡ್ಡ ದೊಡ್ಡ ಚರ್ಚೆ ಮಾಡ್ತಿದ್ರು,” ದೋನ್ಯಾ ಎವಾ ನಗುತ್ತಾರೆ. “ನಾನು ಹಿಂದಿನ ಬೆಂಚಿಂದ ಕೇಳ್ದೆ, ಮೇಷ್ಟ್ರೇ, ಸಂತೆಗೆ ಬಂದು ‘ನಂಗೆ ಹಗುರ ಮೂಟೆ ಕೊಡಿ’ ಅಂತ ಯಾರಾದ್ರೂ ಕೇಳ್ತಾರಾ?” ಮೇಷ್ಟ್ರು ಮರುದಿನವೇ ‘ಹಗುರ’ ತೆಗೆದು ‘ಹಳೆಯ ಯಂತ್ರಗಳಿಗೆ’ ಎಂದು ಬದಲಾಯಿಸಿದರು. ಅದು ಇನ್ನೂ ಎಡವಟ್ಟಾಯಿತು. ಪರದೆಯ ಮೇಲಿನ ಆ ಚೀಟಿ ಓದಿದ ಒಬ್ಬ ಗಿರಾಕಿ ಇವರ ತಾಡಪಾಲಿನ ಮುಂದೆ ನಿಂತು ಜಗಳ ತೆಗೆದ. “ನನ್ನ ಮೆಷಿನ್ ಹಳೇದು ಅಂತ ನಿಮಗ್ಯಾರು ಹೇಳಿದ್ದು ಕಸೆರಿತಾ? ನಾನು ಕೊಂಡು ಇನ್ನೂ ಮೂರು ವಾರ ಆಗಿಲ್ಲ!” ಮಾರಿದವರು ಇವರೇ. ಇಲ್ಲಿ ಕೊಳ್ಳುವವರೂ ಮಾರುವವರೂ ಒಬ್ಬರನ್ನೊಬ್ಬರು ಕಸೆರಿತಾ, ಕಸೆರಿತೋ ಎಂದು ಮುದ್ದಾಗಿ ಕರೆಯುತ್ತಲೇ ಜಗಳವಾಡುತ್ತಾರೆ.

ಆಮೇಲೆ ಮೇಷ್ಟ್ರು ಸೋತು ಮಾರ್ಕರ್ ಪೆನ್ನನ್ನು ಇವರ ಕೈಗೆ ಕೊಟ್ಟರು. ಇವರು ಹೆಸರುಗಳನ್ನೂ ಬಿಟ್ಟರು, ಯಂತ್ರದ ಜಾತಕವನ್ನೂ ಬಿಟ್ಟರು. ಇನ್‌ಸ್ಟಾಲ್ ಮಾಡುವಾಗ ಬರುವ ಪುಟದಲ್ಲಿ ಒಂದು ಪ್ರಶ್ನೆ ಬರೆದರು: ‘ಇದರ ಮುಂದೆ ಕೂರೋರು ಯಾರು? ಏನು ಕೆಲಸ ಮಾಡುತ್ತಾರೆ?’ ಕೆಳಗೆ ಮೂರು ಉತ್ತರಗಳು. ಒಬ್ಬರೇ ಕೂತು ದಿನವೂ ಅದೇ ಬರವಣಿಗೆ, ಅದೇ ಪಟ್ಟಿ ಮಾಡುವವರಿಗೆ ಇದು. ಎರಡು ಜಿಬಿ ಸಾಕು. ಚಂದ ಕಡಿಮೆ, ಜಗಳವೂ ಕಡಿಮೆ. ಹಲವರು ಸರದಿಯಲ್ಲಿ ಕೂರುವ ಶಾಲೆ, ಕಚೇರಿಗೆ ಅದು. ನಾಲ್ಕು ಜಿಬಿ ಬೇಕು. ಚಿತ್ರ, ವಿಡಿಯೋ ಕೆಲಸದವರಿಗೆ ಇನ್ನೊಂದು. ಎಂಟು ಜಿಬಿ ಇಲ್ಲದಿದ್ದರೆ ಕೈ ಹಾಕಬೇಡಿ, ಆಮೇಲೆ ನಮ್ಮನ್ನು ಬೈಯಬೇಡಿ. ಆ ಮುಖಗಳ ನಿಜವಾದ ಹೆಸರುಗಳು, ಮಾಡಿದವರ ಮೇಲಿನ ಗೌರವಕ್ಕೆ, ಪ್ರತಿಯೊಂದರ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇವೆ.

ಮೇಷ್ಟ್ರು ಓದಿ ಹಣೆ ಚಚ್ಚಿಕೊಂಡಿದ್ದರು. “ದೋನ್ಯಾ ಎವಾ, ಇದು ಇನ್‌ಸ್ಟಾಲರ್ರೋ, ಕೋಕಾ ಎಲೆ ಹರಡಿ ಭವಿಷ್ಯ ಹೇಳೋ ಅಜ್ಜೀನೋ?” ಹೊರಗಿನ ಇಂಜಿನಿಯರುಗಳು ಇನ್ನೂ ಕಟುವಾಗಿ ಬರೆದರು. ಯಂತ್ರದ ಬಗ್ಗೆ ಕೇಳಬೇಕಾದ ಕಡೆ ಮನುಷ್ಯರ ಬಗ್ಗೆ ಕೇಳುವುದು ವೃತ್ತಿಪರತೆಯಲ್ಲ ಎಂದರು. ಒಬ್ಬಾತ ‘ಆಲೂಗಡ್ಡೆಯವಳಿಗೆ ಇಲ್ಲೇನು ಕೆಲಸ’ ಎಂದೇ ಬರೆದಿದ್ದ. ಅದನ್ನು ಓದಿದ ದಿನ ಅಂಗಡಿ ಹಾಕಲಿಲ್ಲ ಎಂದು ಇವರು ಒಪ್ಪಿಕೊಳ್ಳುತ್ತಾರೆ. “ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳ್ಲಿ? ಭಾನುವಾರ ಮತ್ತೆ ಬಂದು ಕೂತೆ.” ಪ್ರಶ್ನೆ ಉಳಿಯಿತು. ಜನ ಸರಿಯಾದದ್ದನ್ನು ಆರಿಸತೊಡಗಿದರು.

ಇಷ್ಟೆಲ್ಲ ಎಚ್ಚರದ ಹೆಂಗಸು ಈ ವರ್ಷ ಒಂದು ತಪ್ಪು ಮಾಡಿದರು. ಅದನ್ನು ಬರೆಯದಿದ್ದರೆ ಈ ಲೇಖನ ಬೇಡವೇ ಬೇಡ ಎಂದು ಷರತ್ತು ಹಾಕಿದವರೂ ಅವರೇ.

ನಮ್ಮ ಸಂತೆಯಲ್ಲಿ ಯಾಪಾ ಇಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ಹತ್ತು ಬ್ರೆಡ್ಡು ಕೊಂಡರೆ ಹನ್ನೊಂದನೆಯದು, ಸೇರು ಬಟಾಣಿಯ ಮೇಲೆ ಒಂದು ಮುಷ್ಟಿ. ಅದು ಬಿಟ್ಟಿಯಲ್ಲ, ನಂಟು. ಕಂಪ್ಯೂಟರ್ ಕೊಂಡವರೂ “ಯಾಪಾ ಎಲ್ಲಿ ಕಸೆರಿತಾ?” ಎಂದು ಕೈ ಚಾಚುತ್ತಾರೆ. ನಾನೂ ಚಾಚಿದ್ದೇನೆ. ಮೌಸು ಕೊಟ್ಟು, ಚೀಲ ಕೊಟ್ಟು ಸಾಕಾದ ಮಾರಾಟಗಾರರನ್ನು ನೋಡಿ ಫೌಸ್ತೀನೋ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಆರಿಸಿಕೊಂಡ ಮುಖದ ಜತೆ ಇನ್ನೊಂದು ಮುಖವನ್ನೂ ಯಾಪಾ ಅಂತ ಒಳಗೇ ಇಟ್ಟುಬಿಟ್ಟರೆ? ಜಾಗವೇನೂ ಹೆಚ್ಚು ಬೇಡ. ಬೇಕಾದವರು ಪಾಸ್‌ವರ್ಡ್ ಹಾಕುವ ಪುಟದ ಮೂಲೆಯಲ್ಲಿರುವ ಸಣ್ಣ ಚಕ್ರವನ್ನು ಒತ್ತಿ ಬದಲಾಯಿಸಿಕೊಳ್ಳಬಹುದು. ದೋನ್ಯಾ ಎವಾ ಹೂಂ ಎಂದರು. ಕಾರ್ನಿವಲ್ ಹಬ್ಬಕ್ಕೆ ಮುಂಚೆ ಆ ಆವೃತ್ತಿ ಹೊರಬಂತು. ಹಬ್ಬದ ಶಾಸ್ತ್ರದಂತೆ ಯಂತ್ರಗಳಿಗೆ ಬಣ್ಣದ ಕಾಗದ ಸುತ್ತಿ, ನಾಲ್ಕು ಹನಿ ಬಿಯರು ಚಿಮುಕಿಸಿ, ಅರವತ್ತಮೂರು ಲ್ಯಾಪ್‌ಟಾಪುಗಳನ್ನು ಆ ಯಾಪಾ ಸಮೇತ ಕಳಿಸಿಕೊಟ್ಟರು.

ಆ ಚಕ್ರದ ಪಕ್ಕ ಏನೂ ಬರೆದಿರಲಿಲ್ಲ. ಕೈತಪ್ಪಿ ಒಮ್ಮೆ ಒತ್ತಿದರೆ ಸಾಕು, ಯಂತ್ರ ಬೇರೆ ಮುಖ ಹೊತ್ತು ಏಳುತ್ತಿತ್ತು, ಮತ್ತೆ ಅದನ್ನೇ ನೆನಪಿಟ್ಟುಕೊಳ್ಳುತ್ತಿತ್ತು. ಪರದೆಯ ಕೆಳಗಿದ್ದ ಗುಂಡಿಗಳ ಪಟ್ಟಿ ಮೇಲಕ್ಕೆ ಹೋಗುತ್ತಿತ್ತು. ಪರದೆಯ ಮೇಲೆ ಇಟ್ಟುಕೊಂಡ ಕಡತಗಳ ಚಿತ್ರಗಳನ್ನು ಎರಡನೆಯ ಮುಖ ತೋರಿಸುತ್ತಲೇ ಇರಲಿಲ್ಲ. ಕಡತಗಳು ಇದ್ದಲ್ಲೇ ಇರುತ್ತಿದ್ದವು, ಕಣ್ಣಿಗೆ ಮಾತ್ರ ಇಲ್ಲ. ನನಗೂ ಹೀಗಾಯಿತು. ವಯಸ್ಸಾಯಿತು, ಎಲ್ಲೋ ಇಟ್ಟು ಮರೆತೆ ಎಂದುಕೊಂಡು ಸುಮ್ಮನಾದೆ.

ನಿಕಾನೋರಾ ವಾಲ್ಪಾ ಸುಮ್ಮನಾಗುವಂತಿರಲಿಲ್ಲ. ಸರೋವರದಾಚೆಯ ಪುರಾಪಾತಾ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಆಕೆ ಒಬ್ಬರೇ ದಾದಿ. ಸುತ್ತಲಿನ ಇನ್ನೂರ ಹದಿನಾಲ್ಕು ಮಕ್ಕಳಿಗೆ ಯಾವ ಲಸಿಕೆ ಯಾವತ್ತು ಬಿತ್ತು, ಯಾವುದು ಬಾಕಿ ಎಂಬ ಪಟ್ಟಿಯನ್ನು ಮೂರು ವರ್ಷ ಕೂತು ಟೈಪ್ ಮಾಡಿದ್ದರು. ಕಾಗದದ ಕಾರ್ಡುಗಳು ಹೋದ ವರ್ಷ ಆಲಿಕಲ್ಲಿಗೆ ಚಾವಣಿ ಒಡೆದಾಗ ನೆನೆದು ಮುದ್ದೆಯಾಗಿದ್ದವು. ಕಂಪ್ಯೂಟರಿನಲ್ಲಿದ್ದದ್ದೊಂದೇ ಪ್ರತಿ. ಅದು ಪರದೆಯ ಮೇಲೆ, ಹಳದಿ ಕಡತದಲ್ಲಿತ್ತು.

ಒಂದು ಮಂಗಳವಾರ ದೋನ್ಯಾ ಎವಾ ಅವರ ಫೋನು ಹೊಡೆದುಕೊಂಡಿತು. “ದೋನ್ಯಾ ಎವಾ, ನನ್ನ ಪಟ್ಟಿ ಇಲ್ಲ. ಒಂದು ಮಗೂನೂ ಇಲ್ಲ. ಪರದೆ ಬೋಳು!” ನಿಕಾನೋರಾ ಅಳುತ್ತಿದ್ದರು. ಕೇಳಿದ ಕೂಡಲೇ ಇವರಿಗೆ ಏನಾಗಿದೆ ಎಂದು ತಿಳಿಯಿತು. “ಹೋಗಿಲ್ಲ ಕಣಮ್ಮಾ, ಅಲ್ಲೇ ಇದೆ, ಏನೂ ಮುಟ್ಟಬೇಡ,” ಎಂದರು. ಲೈನು ಕೆಟ್ಟಿತ್ತು, ಆಕೆಗೆ ಅದು ಕೇಳಿಸಲಿಲ್ಲ, ಅಳುತ್ತಲೇ ಮುಂದುವರಿಸಿದರು. “ನಮ್ಮ ಭಾವ ಸೆವೆರೋ ನಾಳೆ ಬರ್ತಾನೆ, ಅವನಿಗೆ ಕಂಪ್ಯೂಟರ್ ಗೊತ್ತು. ನೀವು ಯಂತ್ರದ ಜತೆ ಕೊಟ್ಟಿದ್ರಲ್ಲ, ಅದೇ ಪೆನ್‌ಡ್ರೈವಿಂದ ಪೂರಾ ಹೊಸದಾಗಿ ಹಾಕಿಕೊಡ್ತೀನಿ ಅಂದಿದ್ದಾನೆ…” ಅಲ್ಲಿಗೆ ಲೈನು ಕಡಿಯಿತು. ಸಂಜೆಯವರೆಗೆ ಹದಿನೇಳು ಸಲ ಹೊಡೆದರೂ ಸಿಗಲಿಲ್ಲ.

ಹೊಸದಾಗಿ ಹಾಕುವುದೆಂದರೆ ಇರುವುದನ್ನೆಲ್ಲ ಅಳಿಸುವುದು. ಆಗ ಪಟ್ಟಿ ನಿಜವಾಗಿಯೂ ಹೋಗುತ್ತದೆ. ಯಾವ ಮಗುವಿಗೆ ಯಾವ ಸೂಜಿ ಬಾಕಿ ಎಂದು ತಾಯಂದಿರನ್ನು ಕೇಳುತ್ತ ಮನೆಮನೆ ಅಲೆಯಬೇಕು, ಅವರಿಗಾದರೂ ಎಷ್ಟು ನೆನಪಿದ್ದೀತು? ಕೆಲವು ಮಕ್ಕಳಿಗೆ ಎರಡೆರಡು ಸಲ ಬೀಳುತ್ತದೆ, ಕೆಲವಕ್ಕೆ ಬೀಳುವುದೇ ಇಲ್ಲ. ಬುಧವಾರ ನಸುಕಿನಲ್ಲಿ ದೋನ್ಯಾ ಎವಾ ಮೊದಲ ಮಿನಿಬಸ್ಸು ಹತ್ತಿದರು. ಬೆನ್ನಿಗೆ ಕಟ್ಟಿದ ಬಟ್ಟೆಗಂಟಿನಲ್ಲಿ ಒಂದು ಪೆನ್‌ಡ್ರೈವ್, ಒಂದು ಸುರುಳಿ ಟೇಪು, ಬೇಯಿಸಿದ ಆಲೂಗಡ್ಡೆ. ಸರೋವರದ ರಸ್ತೆಯಲ್ಲಿ ನೀರಿನ ಪೈಪಿಗಾಗಿ ಸೋಮವಾರದಿಂದ ರಸ್ತೆ ತಡೆ ನಡೆಯುತ್ತಿತ್ತು. ಬಸ್ಸು ಎರಡನೆಯ ಸೇತುವೆಯ ಬಳಿ ನಿಂತಿತು. ಅಲ್ಲಿಂದ ಪುರಾಪಾತಾಕ್ಕೆ ಹದಿನಾಲ್ಕು ಕಿಲೋಮೀಟರ್.

ರಸ್ತೆಗೆ ಕಲ್ಲು ಜೋಡಿಸಿ ಕೂತಿದ್ದವರು ತಡೆದರು. “ಎಲ್ಲಿಗೆ ಕುಲ್ಲಾಕಾ?” ಎಂದ ಒಬ್ಬ. ಕುಲ್ಲಾಕಾ ಎಂದರೆ ಅಕ್ಕ.

“ಪುರಾಪಾತಾಕ್ಕೆ. ಕಂಪ್ಯೂಟರಿಗೆ ಚೀಟಿ ಅಂಟಿಸೋಕೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. “ನಾವು ನೀರಿಗೆ ಕೂತಿದ್ದೀವಿ, ಈಯಮ್ಮ ಚೀಟಿಗೆ ಹೊರಟಿದ್ದಾಳೆ! ಇದಕ್ಕಿಂತ ಒಳ್ಳೆ ಸುಳ್ಳು ಸಿಗಲಿಲ್ವಾ?” ಹೋಗಲು ಬಿಡುವ ಲಕ್ಷಣ ಕಾಣಲಿಲ್ಲ. ಇವರು ಅಲ್ಲೇ ಕಲ್ಲಿನ ಮೇಲೆ ಕೂತು ವಿಸ್ಕಾಚಾ, ಚಕ್ರ, ಮುಖ ಎಲ್ಲವನ್ನೂ ವಿವರಿಸಿದರು. ನಗು ಒಂದೊಂದಾಗಿ ನಿಂತಿತು. ಹಿಂದೆ ಕೂತಿದ್ದ, ಶಾಲಾ ಸಮಿತಿಯ ಮುಖಂಡನೊಬ್ಬ ಟೋಪಿ ಹಿಂದಕ್ಕೆ ಸರಿಸಿ, “ತಡೀರಿ. ಗುಂಡಿಗಳ ಪಟ್ಟಿ ಕೆಳಗಿಂದ ಮೇಲಕ್ಕೆ ಹೋಗತ್ತಾ? ನಮ್ಮ ಶಾಲೇದೂ ಹೋಗಿದೆ! ಮೇಡಮ್ಮು ದೆವ್ವ ಹೊಕ್ಕಿದೆ ಅಂತಿದ್ರು!” ಎಂದ. ಇವರು ಕೈಮೇಲೆ ಮಾರ್ಕರಿನಿಂದ ಚಿತ್ರ ಬರೆದು ತೋರಿಸಿದರು. ಆತನೇ ಎದ್ದು ಕಲ್ಲು ಸರಿಸಿ ದಾರಿ ಬಿಟ್ಟ. ಇವರು ತಮ್ಮ ಆಲೂಗಡ್ಡೆಯಲ್ಲಿ ಅರ್ಧ ಅವರಿಗೆ ಕೊಟ್ಟು ನಡೆದರು.

“ನಡೀವಾಗ ಒಂದೇ ಯೋಚನೆ,” ಎನ್ನುತ್ತಾರೆ. “ಸೆವೆರೋ ಮಿನಿಬಸ್ ಡ್ರೈವರು. ರಸ್ತೆ ಬಂದ್ ಇರೋದ್ರಿಂದ ಅವನಿಗೆ ಕೆಲಸ ಇಲ್ಲ. ಕೆಲಸ ಇಲ್ದೇ ಇರೋದ್ರಿಂದ ಬೆಳಗ್ಗೇನೇ ಕಂಪ್ಯೂಟರ್ ಮುಂದೆ ಕೂತಿರ್ತಾನೆ. ನನಗೆ ರಸ್ತೆ ಇಲ್ಲ, ಅವನಿಗೆ ಬಿಡುವು! ಮಂಡಿ ನೋವು ಅಂತ ಎಷ್ಟು ಸಲ ಕೂತೆ, ಅಷ್ಟು ಸಲ ‘ಈಗ ಒತ್ತಿದ, ಈಗ ಒತ್ತಿದ’ ಅನ್ಸೋದು. ಯಾಪಾಗೆ ಹೂಂ ಅಂದ ಬಾಯಿಗೆ ಬೂದಿ ಹಾಕ ಅಂತ ನನ್ನನ್ನೇ ಬೈಕೊಂಡೆ.”

ಮಧ್ಯಾಹ್ನ ಹನ್ನೆರಡೂವರೆಗೆ ಆರೋಗ್ಯ ಕೇಂದ್ರದ ಬಾಗಿಲು ತಳ್ಳಿದರು. ನಿಕಾನೋರಾ ಇಲ್ಲ, ಲಸಿಕೆಯ ಐಸ್‌ಪೆಟ್ಟಿಗೆ ಹೊತ್ತು ಬೆಳಗ್ಗೆಯೇ ಮೇಲಿನ ಕೇರಿಗೆ ಹೋಗಿದ್ದರು. ಕಂಪ್ಯೂಟರಿನ ಮುಂದೆ, ಗಲ್ಲಕ್ಕೆ ಕೈಕೊಟ್ಟು, ಸೆವೆರೋ ಕೂತಿದ್ದ. ಪೆನ್‌ಡ್ರೈವು ಯಂತ್ರಕ್ಕೆ ಸಿಕ್ಕಿಸಿತ್ತು.

“ಏನಪ್ಪಾ, ಒತ್ತಿಬಿಟ್ಟೆಯಾ?” ಇವರು ಬಾಗಿಲಲ್ಲೇ ನಿಂತು ಕೇಳಿದರು.

“ಏನಂತ ಒತ್ತಲಿ ದೋನ್ಯಾ?” ಅವನ ದನಿಯಲ್ಲಿ ಸಿಟ್ಟಿತ್ತು. “ಎರಡು ಗಂಟೆ ಹೊತ್ತಿಂದ ಇದು ಮುಂದಕ್ಕೇ ಹೋಗ್ತಿಲ್ಲ. ‘ಇದರ ಮುಂದೆ ಕೂರೋರು ಯಾರು, ಏನು ಕೆಲಸ ಮಾಡ್ತಾರೆ’ ಅಂತ ಕೇಳತ್ತೆ. ಮೆಮೊರಿ ಎಷ್ಟು ಅಂತ ಕೇಳಿದ್ರೆ ಹೇಳ್ತಿದ್ದೆ. ಪ್ರೊಸೆಸರ್ ಯಾವುದು ಅಂದ್ರೂ ಹೇಳ್ತಿದ್ದೆ. ನಾದಿನಿ ಏನು ಕೆಲಸ ಮಾಡ್ತಾಳೆ ಅಂತ ನನಗೇನು ಗೊತ್ತು? ಸೂಜಿ ಚುಚ್ತಾಳೆ! ಸೂಜಿ ಚುಚ್ಚೋರಿಗೆ ಅಂತ ಇಲ್ಲಿ ಎಲ್ಲೂ ಬರೆದಿಲ್ಲ. ತಪ್ಪು ಒತ್ತಿದ್ರೆ ಅವಳು ನನ್ನ ಚರ್ಮ ಸುಲೀತಾಳೆ. ಬರ್ಲಿ, ಅವಳನ್ನೇ ಕೇಳೋಣ ಅಂತ ಕೂತಿದ್ದೀನಿ. ಯಾವ ತಲೆಕೆಟ್ಟೋರು ಬರೆದಿದ್ದೋ ಇದನ್ನ!”

“ನಾನೇ,” ಎಂದು ದೋನ್ಯಾ ಎವಾ ನೆಲದ ಮೇಲೆ ಕೂತುಬಿಟ್ಟರು. ಹೋದ ಜೀವ ಬಂದಂತಾಗಿ ನಗುವೂ ಅಳುವೂ ಒಟ್ಟಿಗೇ ಬಂತು ಎಂದು ಈಗಲೂ ಹೇಳುವಾಗ ಅವರ ಕಣ್ಣು ತುಂಬುತ್ತದೆ. ಸೆವೆರೋನನ್ನೂ ನಾನು ಅವನ ಮಿನಿಬಸ್ಸಿನಲ್ಲೇ ಕಂಡು ಕೇಳಿದೆ. “ಹೌದು, ಹ್ಯಾಟು ಒಂದು ಕಡೆ, ಅವರು ಒಂದು ಕಡೆ. ಹಾರ್ಟ್ ಅಟ್ಯಾಕು ಅಂದ್ಕೊಂಡೆ. ನೀರು ಕೊಟ್ಟೆ,” ಎಂದ. ಆ ಪ್ರಶ್ನೆಯ ಬದಲು ಯಂತ್ರದ ಬಗ್ಗೆ ಕೇಳಿದ್ದರೆ ಬೆಳಗ್ಗೆ ಹತ್ತೂವರೆಗೇ ಉತ್ತರ ಒತ್ತಿ ಕೆಲಸ ಮುಗಿಸಿರುತ್ತಿದ್ದೆ ಎಂದೂ ತಾನಾಗಿಯೇ ಹೇಳಿದ.

ಪೆನ್‌ಡ್ರೈವ್ ಕಿತ್ತರು. ಯಂತ್ರ ಆರಿಸಿ ಮತ್ತೆ ಎಬ್ಬಿಸಿದರು. ಅಷ್ಟರಲ್ಲಿ ನಿಕಾನೋರಾ ಐಸ್‌ಪೆಟ್ಟಿಗೆಯ ಜತೆ ಒಳಗೆ ಬಂದು, ಪಾಸ್‌ವರ್ಡ್ ಹಾಕಲು ಬಗ್ಗಿದರು. ದೋನ್ಯಾ ಎವಾ ಅವರ ಬೆರಳು ಹಿಡಿದು ಮೂಲೆಯ ಚಕ್ರದ ಮೇಲಿಟ್ಟು, ಹಳೆಯ ಮುಖವನ್ನು ಒತ್ತಿಸಿದರು. ಹಳದಿ ಕಡತ ಇದ್ದ ಜಾಗದಲ್ಲೇ ಇತ್ತು. ತೆರೆದರೆ ಇನ್ನೂರ ಹದಿನಾಲ್ಕು ಸಾಲು. ನಿಕಾನೋರಾ ಮೇಲಿಂದ ಕೆಳಗೆ ಒಂದೊಂದೇ ಹೆಸರು ಓದುತ್ತ ಹೋದರು, ಕೊನೆ ಮುಟ್ಟುವವರೆಗೆ ಯಾರ ಮಾತನ್ನೂ ಕೇಳಲಿಲ್ಲ. ಆಮೇಲೆ ತಿರುಗಿ ಚೆನ್ನಾಗಿ ಬೈದರು. “ಎಂಥ ಯಾಪಾ ಕೊಟ್ರಿ ಕಸೆರಿತಾ! ನಾನೇನು ಎರಡು ಮುಖ ಕೇಳಿದ್ನಾ? ಎರಡು ದಿನ ಅನ್ನ ಸೇರಿಲ್ಲ ನಂಗೆ!” ಬೈದು ಮುಗಿಸಿ ಅಪ್ಪಿಕೊಂಡರು. ಪಟ್ಟಿಯ ಎರಡು ಪ್ರತಿ ಮಾಡಿಟ್ಟು, ಚಕ್ರದ ಅರ್ಥವನ್ನು ಟೇಪಿನ ಮೇಲೆ ಬರೆದು ಯಂತ್ರಕ್ಕೆ ಅಂಟಿಸಿದ ಮೇಲೆ ಮೂವರೂ ಕುರಿಮಾಂಸದ ಚಾಯ್ರೋ ಸೂಪು ಕುಡಿದರು. ಅಷ್ಟು ರುಚಿಯಾದ ಸೂಪನ್ನು ಜೀವಮಾನದಲ್ಲೇ ಕುಡಿದಿಲ್ಲ ಎನ್ನುತ್ತಾರೆ ಇವರು.

ಮುಂದಿನ ಶನಿವಾರ ಮೇಷ್ಟ್ರ ಅಂಗಳದಲ್ಲಿ ವಿಸ್ಕಾಚಾದವರೆಲ್ಲ ಸೇರಿದರು. ಎಂದಿನಂತೆ ನೆಲಕ್ಕೆ ಬಟ್ಟೆ ಹಾಸಿ, ತಂದ ಆಲೂಗಡ್ಡೆ, ಚೀಸು, ಹುರಿದ ಮೀನು ಎಲ್ಲ ನಡುವೆ ಸುರಿದು, ತಿನ್ನುತ್ತಲೇ ಚರ್ಚೆ. ಯಾಪಾ ತೆಗೆದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂದು ಮೇಷ್ಟ್ರು ವಾದಿಸಿದರು. “ಹೋಗಲಿ ಮೇಷ್ಟ್ರೇ. ಏನು ಅಂತ ಬರೀದೇ ಇರೋ ಮಾಲನ್ನ ಮೂಟೆ ಒಳಗೆ ತುರುಕಿ ಕಳಿಸಿದೆ ನಾನು. ಅಮ್ಮ ಇದ್ದಿದ್ರೆ ತಕ್ಕಡೀಲೇ ಹೊಡೀತಿದ್ಲು,” ಎಂದರು ದೋನ್ಯಾ ಎವಾ. ಮೀನು ಮುಗಿಯುವ ಹೊತ್ತಿಗೆ ಎಲ್ಲರೂ ಒಪ್ಪಿದರು. ಹೊಸ ಆವೃತ್ತಿಯಲ್ಲಿ ಒಂದು ಯಂತ್ರಕ್ಕೆ ಒಂದೇ ಮುಖ. ಈಗಾಗಲೇ ಎರಡು ಇರುವವರಿಗೆ ಚಕ್ರದ ಪಕ್ಕದಲ್ಲಿ ದಪ್ಪಕ್ಷರದ ಸಾಲು ಬರುತ್ತದೆ: ‘ನಿಮ್ಮ ಕಡತಗಳು ಎಲ್ಲೂ ಹೋಗಿಲ್ಲ. ನಿನ್ನೆಯ ಮುಖ ಬೇಕಿದ್ದರೆ ಇಲ್ಲಿ ಒತ್ತಿ.’ ನಾನೂ ಒತ್ತಿದೆ. ಮರೆತೆ ಎಂದುಕೊಂಡಿದ್ದೆಲ್ಲ ಅಲ್ಲೇ ಇತ್ತು.

ಅರವತ್ತಮೂರು ಜನರನ್ನೂ ಇವರು ಹುಡುಕಿದರು. ಕೆಲವರಿಗೆ ಫೋನು, ಕೆಲವರಿಗೆ ಮಿನಿಬಸ್ ಡ್ರೈವರುಗಳ ಕೈಲಿ ಚೀಟಿ. ಸೆವೆರೋ ಒಬ್ಬನೇ ಒಂಬತ್ತು ಚೀಟಿ ಮುಟ್ಟಿಸಿದ. ಇಬ್ಬರು ಅಷ್ಟರಲ್ಲಾಗಲೇ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಂಡಿದ್ದರು. ಒಬ್ಬರದು ಬರೀ ಹಾಡುಗಳು. ಇನ್ನೊಬ್ಬರದು ಮಗಳ ಮದುವೆಯ ಫೋಟೋಗಳು. ಆ ಮನೆಗೆ ದೋನ್ಯಾ ಎವಾ ತಾವೇ ಹೋಗಿ ತಲೆ ತಗ್ಗಿಸಿ ನಿಂತು ಬಂದರು. ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಬಿಸಿಲು ಏರಿದೆ. ತಾಡಪಾಲಿನ ಮುಂದೆ ಗಿರಾಕಿಗಳು ನಿಲ್ಲತೊಡಗಿದ್ದಾರೆ. ಫೌಸ್ತೀನೋ ಮೇಷ್ಟ್ರು ಕೂಡ ಹೊಸ ಆವೃತ್ತಿಯ ಪೆನ್‌ಡ್ರೈವ್ ಹಿಡಿದು ಬಂದು ಮಣೆ ಎಳೆದುಕೊಂಡಿದ್ದಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ನಾನು ದೋನ್ಯಾ ಎವಾ ಅವರನ್ನು ಕೇಳಿದರೆ, ಅವರು ಮೇಷ್ಟ್ರ ಕಡೆ ಕೈ ತೋರಿಸುತ್ತಾರೆ. ಇವರ ಒಂದು ಆಸೆಯ ಬಗ್ಗೆ ಇಬ್ಬರಿಗೂ ಮೂರು ವಾರದಿಂದ ಜಟಾಪಟಿಯಂತೆ. ನಿಕಾನೋರಾಗೆ ಇವರ ನಂಬರಿತ್ತು, ಫೋನು ಮಾಡಿದರು. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ಆರು ಸಾವಿರ ಜನಕ್ಕೆ ಯಾರಿದ್ದಾರೆ? ಪ್ರತಿ ಮುಖದ ಚೀಟಿಯ ಕೊನೆಗೂ ತಮ್ಮ ಫೋನ್ ನಂಬರಿನ ಸಮೇತ ಇನ್ನೊಂದು ಸಾಲು ಸೇರಿಸಬೇಕು ಎಂಬುದು ಇವರ ಹಟ: ‘ಬರೆದದ್ದು ಎವಾರಿಸ್ತಾ ಲಿಮಾಚಿ. ಗುರುವಾರ, ಭಾನುವಾರ ಎಲ್ ಆಲ್ತೋ ಸಂತೆ, ಟೈರ್ ಸಾಲಿನ ತುದಿ. ಏನಾದರೂ ಕಾಣೆಯಾದರೆ ಮೊದಲು ನನಗೆ ಫೋನು ಮಾಡಿ ಬೈಯಿರಿ.’

“ನೋಡಿ, ನೀವಾದ್ರೂ ಹೇಳಿ,” ಮೇಷ್ಟ್ರು ನನ್ನನ್ನು ಪಂಚಾಯಿತಿಗೆ ಎಳೆಯುತ್ತಾರೆ. “ಮೆಕ್ಸಿಕೋದಿಂದ ಚಿಲಿವರೆಗೆ ಇರೋರೆಲ್ಲ ಫೋನ್ ಹಚ್ಚಿ ಬೈಯೋಕೆ ಶುರು ಮಾಡಿದ್ರೆ ಈಯಮ್ಮ ಅಂಗಡಿ ನಡೆಸೋದು ಯಾವಾಗ?”

“ಬೈಯಲಿ ಬಿಡಿ ಮೇಷ್ಟ್ರೇ,” ದೋನ್ಯಾ ಎವಾ ಮುಂದಿನ ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಾರೆ. “ನನ್ನನ್ನ ಬೈತಾ ಇರೋವಷ್ಟು ಹೊತ್ತು ಅವರು ಏನನ್ನೂ ಅಳಿಸ್ತಾ ಇರಲ್ಲವಲ್ಲ.”